ನಾಲ್ಕು ಬೆರಳಿನ ಹಿಡಿತ

ಹನ್ನೊಂದು ವರ್ಷ ಫೋರ್ಕ್‌ಲಿಫ್ಟ್ ಓಡಿಸಿದವನು ತಾನು. ಮೇಸ್ತ್ರಿಯಾದವನು ಮೊನ್ನೆ ಮೊನ್ನೆ ಬಂದ ಷಡ್ಡಕ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಆತ ಎಲ್ಲರೆದುರು ಹೆಗಲ ಮೇಲೆ ಕೈಹಾಕಿ, "ನಮ್ಮಣ್ಣ ಇದ್ದಾನಲ್ಲ, ನನಗೇನು ಚಿಂತೆ?" ಎಂದು ನಕ್ಕದ್ದು ಗಂಟಲಲ್ಲಿ ಮುಳ್ಳಾಗಿ ಉಳಿಯಿತು.

ಉಪಾಯವನ್ನು ಲೋಡಿಂಗ್ ಕಟ್ಟೆಯೇ ಕೊಟ್ಟಿತು. ಲಾರಿ ಹಿಂದಕ್ಕೆ ಬಂದು ಕಟ್ಟೆಗೆ ಒರಗುತ್ತದೆ. ನಡುವಿನ ಸಂದಿಗೆ ಒಂದು ಉಕ್ಕಿನ ಹಲಗೆ. ಲಾರಿಯ ಮೇಲೆ ಆ ಹಲಗೆಯ ಹಿಡಿತ ನಾಲ್ಕೇ ಬೆರಳು. ಫೋರ್ಕ್‌ಲಿಫ್ಟ್ ಒಳಹೊಕ್ಕು ಬ್ರೇಕ್ ಒತ್ತಿದಾಗಲೆಲ್ಲ ಲಾರಿ ಬೆರಳಷ್ಟು ಮುಂದೆ ಸರಿಯಲು ನೋಡುತ್ತದೆ. ತಡೆಯುವುದು ಗಾಲಿಗೆ ಕೊಟ್ಟ ರಬ್ಬರ್ ಬೆಣೆ. ಅದಿಲ್ಲದಿದ್ದರೆ ನಾಲ್ಕು ಸುತ್ತು ತಾಳಿ, ಐದನೆಯದಕ್ಕೆ ಹಲಗೆ ಕಳಚುತ್ತದೆ. ಯಂತ್ರ, ಮನುಷ್ಯ ಎರಡೂ ಆಳೆತ್ತರದ ಸಂದಿಗೆ. ಬೆಣೆ ಇಡಲು ಮರೆಯುವ ಡ್ರೈವರುಗಳಿಗೆ ಬರವಿಲ್ಲ. ಬೈಗುಳ ಅವರ ಪಾಲಿಗೆ.

ಮೇಸ್ತ್ರಿಯಾದರೂ ಷಡ್ಡಕ ಎರಡನೇ ಬಾಗಿಲಿನ ಲಾರಿಯನ್ನು ತಾನೇ ತುಂಬುತ್ತಿದ್ದ. ಚಹಾ ಬಿಡುವಿನಲ್ಲಿ ಆ ಲಾರಿಯ ಬೆಣೆ ಚರಂಡಿ ಸೇರಿತು. ಯಾರೂ ನೋಡಲಿಲ್ಲ.

"ಅಣ್ಣಾ, ಎಲ್ಲಿ ಹೋಗಿದ್ದೆ? ಚಹಾ ಆರಿಹೋಗುತ್ತೆ ಅಂತ ತಟ್ಟೆ ಮುಚ್ಚಿಟ್ಟಿದೀನಿ," ಎಂದಳು ಕಸ ಗುಡಿಸುವ ಅಜ್ಜಿ. ಚಹಾ ಬಿಸಿಯಾಗಿಯೇ ಇತ್ತು. ಕುಡಿದ.

ಯಂತ್ರ ಹತ್ತುವ ಮುನ್ನ ಕಟ್ಟೆಯಿಂದ ಕೆಳಗಿಳಿದು, ಬಗ್ಗಿ, ಬೆಣೆ ತಟ್ಟಿ ನೋಡುವುದು ಅವನ ದಿನದ ಅಭ್ಯಾಸ. "ಬೆಣೆಗೆ ನಮಸ್ಕಾರ ಆಯ್ತಾ?" ಎಂದು ಜೊತೆಯವರು ಅಣಕಿಸುವಷ್ಟು. ಆದರೆ ಇವತ್ತು ಗಾಲಿಗಳ ಹತ್ತಿರ ಯಾರ ಕಣ್ಣಿಗೂ ಬೀಳಬಾರದು. ಅದಕ್ಕೇ ನೇರವಾಗಿ ಮೂರನೇ ಬಾಗಿಲಿಗೆ ಹೋಗಿ ತನ್ನ ಯಂತ್ರ ಹತ್ತಿದ. ಕಟ್ಟೆ ತುಂಬ ಸಾಕ್ಷಿಗಳಿದ್ದರು.

ಷಡ್ಡಕನದೊಂದು ಸುತ್ತು, ತನ್ನದೊಂದು ಸುತ್ತು. ನಾಲ್ಕರವರೆಗೆ ಎಣಿಸಿದ. ಐದನೆಯ ಸಲ ಷಡ್ಡಕ ಒಳಹೋದ. ಸಿಳ್ಳೆ ಹಾಕುತ್ತ ಹೊರಬಂದ. ಲೆಕ್ಕ ತಪ್ಪಿತೇ? ಅತ್ತಲೇ ನೋಡುತ್ತ, ತುಂಬಿದ ಯಂತ್ರವನ್ನು ತನ್ನ ಹಲಗೆಯ ಮೇಲೆ ಹತ್ತಿಸಿದ.

ಆಗ ಪಕ್ಕದಿಂದ ಅಜ್ಜಿಯ ದನಿ ಕೇಳಿತು. "ಮೇಸ್ತ್ರಿ, ನಿನ್ನ ಲಾರಿಗೆ ಬೆಣೆನೇ ಇರಲಿಲ್ಲಪ್ಪ! ಮೂರನೇದರಿಂದ ತಂದು ಇಟ್ಟೆ. ಅಣ್ಣ ಹೇಗೂ ಬಗ್ಗಿ ನೋಡದೆ ಹತ್ತಲ್ಲ, ಇಲ್ಲ ಅಂತ ಕಂಡ್ರೆ ಬೈದು ಬೇರೆ ತರಿಸ್ಕೋತಾನೆ." ತನ್ನ ಯಂತ್ರದ ಮುಂದಿನ ಗಾಲಿಗಳಡಿಯಲ್ಲಿ ಉಕ್ಕು ಒಮ್ಮೆ ಕಿರುಗುಟ್ಟಿತು. ಇದು ಎಷ್ಟನೆಯ ಸುತ್ತೆಂದು ಅವನು ಎಣಿಸಬೇಕಾಗಿರಲಿಲ್ಲ.