ಮಿಶ್ರಣದ ಕೋಣೆಯ ಟರ್ಮಿನಲ್

"ಸಂಜೆ ಒಳಗೆ ಒಪ್ಕೊಂಡ್ಬುಡು, ಇಲ್ದಿದ್ರೆ ಪೊಲೀಸರಿಗೆ ಕೊಡ್ತೀನಿ ಅಂತಿದ್ದಾರೆ ಕಾರ್ಖಾನೆ ಯಜಮಾನ್ರು," ಎಂದಳು ಮಧುಶ್ರೀ. ಕೊಟ್ಟ ಕಾಫಿ ಅವಳ ಕೈಯಲ್ಲೇ ಆರುತ್ತಿತ್ತು.

2003ರ ಜನವರಿ. ಸರಸ್ವತಿಪುರಂನ ಆ ಮನೆ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದ ಗಿರಿಜಾಂಬಾ ಅವರದು. ಹಿಂದೆಯೂ ಕೆಲವು ಗಂಟುಗಳನ್ನು ಬಿಡಿಸಿದ್ದರಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಪಕ್ಕದ ಮನೆಯ ಪತ್ರಕರ್ತ ಶಿವಕುಮಾರ್ ಅಂಥ ಹೊತ್ತಿನಲ್ಲೆಲ್ಲ ಜೊತೆಗಿರುತ್ತಿದ್ದ. ಮಧುಶ್ರೀ ಗಿರಿಜಾಂಬಾ ಅವರ ಹಳೆಯ ವಿದ್ಯಾರ್ಥಿನಿ. ಹಿನಕಲ್‌ನ ಊದುಬತ್ತಿ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು.

ನಡೆದದ್ದು ಇಷ್ಟು. ಹಿಂದಿನ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಯಾರೋ ಕಂಪ್ಯೂಟರಿನಲ್ಲಿದ್ದ ಮಿಶ್ರಣದ ಅಳತೆ ತಿದ್ದಿ, ಗಂಧದೆಣ್ಣೆಯ ಪಾಲು ದುಪ್ಪಟ್ಟು ಮಾಡಿ, ಮಿಶ್ರಣದ ಪ್ರೋಗ್ರಾಮನ್ನು ಹೊಸದಾಗಿ ಶುರು ಮಾಡಿದ್ದರು. ತಲೆನೋವು ಬರಿಸುವ ಆ ಬತ್ತಿ ವಿದೇಶದ ಗಿರಾಕಿಯ ಇಲ್ಲಿನ ಏಜೆಂಟರ ಕೈಗೆ ಹೋಗಿ, ಒಪ್ಪಂದ ಮುರಿದಿತ್ತು. ಪ್ರೋಗ್ರಾಮ್ ಓಡುತ್ತಿದ್ದುದು 'ಮಿಕ್ಸರ್' ಎಂಬ ಸಾಮಾನ್ಯ ಹೆಸರಿನಲ್ಲಿ. ಅದರ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ಆದರೆ ಕಂಪ್ಯೂಟರ್ ಅಂದರೆ ಮಧುಶ್ರೀ ಎಂದೇ ಅಲ್ಲಿನವರ ಲೆಕ್ಕ.

"ಆಗ ನೀನೆಲ್ಲಿದ್ದೆ?" ಎಂದು ಕೇಳಿದರು ಗಿರಿಜಾಂಬಾ.

"ನನ್ನ ಮೇಜಲ್ಲೇ, ಯಜಮಾನ್ರು ಹೇಳಿದ್ದನ್ನ ಟೈಪ್ ಮಾಡ್ತಿದ್ದೆ. ಅಲ್ಲಿಂದ್ಲೇ ಮಾಡಿರ್ತೀಯ ಅಂತಾರೆ. ಹೊರಗೆ ಹಾಕುದ್ರೆ ಇನ್ಯಾರು ಕೆಲ್ಸಕ್ಕೆ ಕರೀತಾರೆ ಮೇಡಂ ನನ್ನ?"

ಮೂವರೂ ಆಟೋ ಹಿಡಿದು ಕಾರ್ಖಾನೆಗೆ ಹೋದರು. ಮಾಲೀಕ ಸಿದ್ದಲಿಂಗಸ್ವಾಮಿ ಮಿಶ್ರಣ ಯಂತ್ರದ ಮೋಟಾರು ನಿಲ್ಲಿಸಿದ್ದರೇ ಹೊರತು ಪ್ರೋಗ್ರಾಮನ್ನು ಮುಟ್ಟಿರಲಿಲ್ಲ. "ಒಳ್ಳೇದು. ಸತ್ತ ಪ್ರೋಗ್ರಾಮ್ ಮಾತಾಡಲ್ಲ," ಎಂದ ಗಿರಿಜಾಂಬಾ ಮಧುಶ್ರೀಯ ಮೇಜಿನ ಮುಂದೆ ಕೂತು ಚಿಕ್ಕದೊಂದು ಪ್ರೋಗ್ರಾಮ್ ಬರೆಯತೊಡಗಿದರು.

ಶಿವಕುಮಾರ್ ಎದ್ದು ಮಿಶ್ರಣದ ಕೋಣೆಗೆ ಇಣುಕಿದ. ಮೂವತ್ತು ವರ್ಷದಿಂದ ಅಲ್ಲಿ ಪರಿಮಳ ಕೂಡಿಸುತ್ತಿದ್ದ ಮಹದೇವು, ಮೂಲೆಯ ಸ್ಟವ್‌ಗೆ ಬೆನ್ನು ಮಾಡಿ ತಕ್ಕಡಿ ಒರೆಸುತ್ತಿದ್ದರು. ಸ್ಟವ್ ಮೇಲೆ ಹಾಲು ತಳ ಹಿಡಿದಿತ್ತು. ಆಚೆ ಅಂಗಳದಿಂದ ಕೆಲಸದ ಬೆಟ್ಟಮ್ಮ ಓಡಿ ಬಂದಳು.

"ಅಯ್ಯೋ, ಹಾಲು ಸೀದೋಯ್ತು. ಪಕ್ಕದಾಗೆ ಕುಂತು ಏನ್ ಮಾಡ್ತಿದ್ರಿ ಮಹದೇವಣ್ಣ?"

"ನಂದೇನು ಹಾಲು ಕಾಯೋ ಕೆಲ್ಸವೇನವ್ವ?" ಎಂದು ಅವರು ನಕ್ಕರು.

ವಾಪಸು ಬಂದ ಶಿವಕುಮಾರ್ ಅದನ್ನು ತಮಾಷೆಯಾಗಿ ಹೇಳಿದ. ಗಿರಿಜಾಂಬಾ ನಗಲಿಲ್ಲ. 'ಮಿಕ್ಸರ್' ಶುರು ಮಾಡಿದವರದೆಂದು ಪರದೆಯ ಮೇಲೆ ಬಂದಿದ್ದ ಹೆಸರು ಮಧುಶ್ರೀಯದೇ.

"ಬುಡಿ, ಇನ್ನೇನು ಬೇಕು?" ಎಂದರು ಸಿದ್ದಲಿಂಗಸ್ವಾಮಿ. ಮಧುಶ್ರೀ ಪರದೆಯ ಹತ್ತಿರ ಬಂದು ಆ ಹೆಸರನ್ನು ಮತ್ತೆ ಓದಿದಳು. ಅವಳನ್ನು ಉಳಿಸಲೆಂದು ಬಂದು ಅವಳ ಕೊರಳಿಗೇ ಹಗ್ಗ ಬಿಗಿದೆವಲ್ಲ ಎಂದು ಶಿವಕುಮಾರನಿಗೆ ಕಸಿವಿಸಿಯಾಯಿತು.

"ಎಲ್ಲರನ್ನೂ ಕರೀರಿ," ಎಂದರು ಗಿರಿಜಾಂಬಾ. ಮಹದೇವು, ಬೆಟ್ಟಮ್ಮ ಬಂದು ನಿಂತರು.

"ಒಳಗೆ ಬಂದವರು ಆಮೇಲೆ 'ಮಿಕ್ಸರ್' ಅಂತ ವೇಷ ಬದಲಿಸಬಹುದು. ಆದರೆ ಮೊದಲು ಬಾಗಿಲಲ್ಲಿ ಹೇಳಿದ ಹೆಸರು, ಹೊಕ್ಕ ಟರ್ಮಿನಲ್ಲು ಅಂದ್ರೆ ಯಾವ ಕೋಣೆಯ ಪರದೆ ಅನ್ನೋದು, ಆ ಸಲದ ಸೆಷನ್ನಿನ ಸಂಖ್ಯೆ ಇಷ್ಟನ್ನೂ ಯಂತ್ರ ಮರೆಯಲ್ಲ. ಓಡ್ತಿರೋ ಪ್ರೋಗ್ರಾಮಿಗೆ ಅವು ಅಂಟ್ಕೊಂಡಿರುತ್ವೆ. ಈ ದಾಖಲೆಗೆ ಆಡಿಟ್ ಅಂತಾರೆ. ಸಿಸ್ಟಮ್ ಕಾಲ್ ಮಾಡಿ, ಅಂದ್ರೆ ನೇರ ಯಂತ್ರವನ್ನೇ ವಿಚಾರಿಸಿ, ನಾನು ಕೇಳಿದ್ದು ಅದನ್ನೇ. ಮಧು, ಬೆಳಿಗ್ಗೆ ಮೊದಲು ಬರೋದು ಯಾರು?"

"ನಾನೇ ಮೇಡಂ. ದೀಪ ಹಚ್ಚಿ, ಎಲ್ಲಾ ಟರ್ಮಿನಲ್ಲಿಗೂ ಕುಂಕುಮ ಇಟ್ಟು, ನನ್ನ ಹೆಸರಲ್ಲೇ ಲಾಗಿನ್ ಮಾಡಿ ತೆಗೆದಿಡ್ತೀನಿ. ದೊಡ್ಡವರಿಗೆ ತೊಂದ್ರೆ ಬೇಡ ಅಂತ."

"ಹಾಗಾಗಿ ಇಲ್ಲಿ ಯಾರು ಏನು ಮಾಡಿದ್ರೂ ಹೆಸರು ಇವಳದೇ. ಹೆಸರು ಬಿಡಿ, ಟರ್ಮಿನಲ್ ನೋಡಿ. ಪ್ರೋಗ್ರಾಮ್ ಶುರುವಾದದ್ದು ಇವಳ ಮೇಜಿಂದಲ್ಲ, ಮಿಶ್ರಣದ ಕೋಣೆಯಿಂದ. ಮೂರು ಗಂಟೆಗೆ ಇವಳು ನಿಮ್ಮ ಪಕ್ಕದಿಂದ ಎದ್ದಿದ್ಲಾ?"

"ಇಲ್ಲ," ಎಂದರು ಸಿದ್ದಲಿಂಗಸ್ವಾಮಿ. ತುಸು ತಡೆದು, "ಮಿಶ್ರಣದ ಹೊತ್ನಲ್ಲಿ ಆ ಕೋಣೆಗೆ ಮಹದೇವು ಬಿಟ್ರೆ ಯಾರನ್ನೂ ಬಿಡಲ್ಲ ಕಣ್ರೀ. ಅವ್ರು ನಮ್ಮಪ್ಪನ ಕಾಲದವ್ರು. ಯಾಕೆ ಕೆಡಿಸ್ತಾರೆ?"

"ಕೆಡಿಸಲಿಲ್ಲ. ಪರಿಮಳ ಕಮ್ಮಿಯಾಗಿದೆ ಅಂತ ಸರಿ ಮಾಡಿದ್ರು. ಅಂಗಳದಲ್ಲಿದ್ದ ಬೆಟ್ಟಮ್ಮನಿಗೆ ಬಡಿದ ಸೀದ ವಾಸನೆ, ಪಕ್ಕದಲ್ಲೇ ಕೂತವರಿಗೆ ಬಡೀಲಿಲ್ಲ." ಗಿರಿಜಾಂಬಾ ದನಿ ತಗ್ಗಿಸಿದರು. "ಎಂದಿನಿಂದ ವಾಸನೆ ಗೊತ್ತಾಗ್ತಿಲ್ಲ ಮಹದೇವು?"

ಮಹದೇವು ತಕ್ಕಡಿ ಒರೆಸಿದ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟರು.

"ದೀಪಾವಳೀಲಿ ಜ್ವರ ಬಂದಿತ್ತಲ್ಲ, ಆವಾಗ್ಲಿಂದ. ಮೊದ್ಲು ವಾಸ್ನೆ ಸ್ವಲ್ಪ ಬರ್ತಿತ್ತು. ಎಣ್ಣೇನೇ ಕಳಪೆ ಅಂದ್ಕೊಂಡೆ. ಮೊನ್ನೆ ಡಾಕ್ಟ್ರು, ವಾಸ್ನೆ ಇನ್ನು ಬರಲ್ಲ ಅಂದ್ಬುಟ್ರು." ಅವರು ಮಧುಶ್ರೀಯ ಕಡೆ ತಿರುಗಿದರು. "ನಿನ್ನ ಹೆಸರು ಬರ್ತದೆ ಅಂತ ಗೊತ್ತಿರ್ಲಿಲ್ಲ ಕಣವ್ವ. ಯಜಮಾನ್ರು ನಿನ್ನ ಬಯ್ಯೋವಾಗ್ಲೂ ಹೇಳೋಕೆ ಬಾಯಿ ಬರ್ಲಿಲ್ಲ. ಮೂಗು ಹೋಯ್ತು ಅಂತ ಹೇಳಿದ್ಮೇಲೆ ನಾನು ಇಲ್ಲಿ ಯಾರು?"

ಸಿದ್ದಲಿಂಗಸ್ವಾಮಿ ಮತ್ತೆ ಪೊಲೀಸರ ಮಾತೆತ್ತಲಿಲ್ಲ. ಮುಂದೇನೆಂದು ಶಿವಕುಮಾರ್ ಗಿರಿಜಾಂಬಾ ಅವರ ಮುಖ ನೋಡಿದ. ಅವರು ಪರದೆಯನ್ನು ಆರಿಸುತ್ತಿದ್ದರು.

ಮೇಜಿನ ಮೇಲೆ, ಹೋಲಿಸಿ ನೋಡಲೆಂದು ಹಳೆಯ ಅಳತೆಯಲ್ಲಿ ಕಲಸಿಟ್ಟ ಒಂದು ಹಿಡಿ ಮಿಶ್ರಣವಿತ್ತು. ಮಹದೇವು ಅಭ್ಯಾಸಬಲದಿಂದ ಚಿಟಿಕೆ ತೆಗೆದು, ಬೆರಳಲ್ಲಿ ಹೊಸಕಿ, ಮೂಗಿನ ತನಕ ಎತ್ತಿದರು. ಕೈ ಅಲ್ಲೇ ನಿಂತಿತು. ಆಮೇಲೆ ಅದನ್ನು ಮೆಲ್ಲಗೆ ಮಧುಶ್ರೀಯ ಮುಂದೆ ಚಾಚಿದರು.

"ನೀನೇ ನೋಡಿ ಹೇಳವ್ವ. ಎಂಗೈತೆ?"