ಕಲ್ಲು ಟಗರಿನ ಕಣ್ಣೀರು

ಬಹಳ ಹಿಂದೆ, ಮೋಡಗಳು ಬೆಟ್ಟಕ್ಕಿಳಿದು ಹುಲ್ಲು ಮೇಯುತ್ತಿದ್ದ ಕಾಲದಲ್ಲಿ, ಹೊನ್ನಹುಣಸೆ ಎಂಬ ರಾಜ್ಯವಿತ್ತು. ಅಲ್ಲಿ ಕಂಬಳಿ ನೇಯುವ ಈರಗ್ಯಾತಪ್ಪ, ಅವನ ಮಗಳು ಸಿರಿಯವ್ವ ಇದ್ದರು. ತಾಯಿಯಿಲ್ಲದ ಕೂಸನ್ನು ಅಪ್ಪನೇ ಎತ್ತಿ ಆಡಿಸಿ ಬೆಳೆಸಿದ್ದ.

ಒಂದು ದಿನ ಧೂಮಾಕ್ಷನೆಂಬ ಮಾಂತ್ರಿಕ ಬಂದು, "ಸೂರ್ಯನಿಗೆ ಮುಸುಕು ಹಾಕಬೇಕು. ಆಕಾಶದಗಲದ ಕರಿಕಂಬಳಿ ನೇಯಿ" ಎಂದ.

"ಚಳಿಗೆ ನೇಯ್ತೀನಿ ಸ್ವಾಮಿ, ಕತ್ತಲೆಗೆ ನೇಯಲ್ಲ."

ಮಾಂತ್ರಿಕ ಕೋಲು ತಟ್ಟಿದ. ಅಪ್ಪ ಕಲ್ಲಿನ ಟಗರಾದ.

ಸಿರಿಯವ್ವ ಮಾಂತ್ರಿಕನ ಕಾಲು ಹಿಡಿದಳು. ಅವನು ನಕ್ಕ: "ಆ ಕಲ್ಲಿನ ಕಣ್ಣಲ್ಲಿ ಆನಂದದ ನೀರು ತರಿಸು, ನನ್ನ ಮಾಯೆಯೆಲ್ಲ ಅಳಿಯುತ್ತದೆ. ಮೂರು ಸಲ ನೋಡು. ಸೋತರೆ ಮೊದಲು ಎಡಗೈ ಕಲ್ಲು, ಆಮೇಲೆ ಬಲಗೈ, ಮೂರನೆಯ ಸಲ ನೀನೇ ಕಲ್ಲು!"

ಸಿರಿಯವ್ವ ಹುಲಿಗಳ ಗವಿಗೆ ಹೋದಳು. ಬಾಯಾರಿದ ಹುಲಿಗಳಿಗೆ ನೀರು ಕುಡಿಸಿ, ಅವು ಕೊಟ್ಟ ರತ್ನಗಂಬಳಿ ತಂದು ಟಗರಿಗೆ ಹೊದಿಸಿದಳು. ಕಲ್ಲು ಕಲ್ಲಾಗಿಯೇ ಇತ್ತು. ಎಡಗೈ ಕಲ್ಲಾಯಿತು.

ಏಳು ಹೆಡೆಯ ಹಾವಿನ ಕೊಳಕ್ಕೆ ಹೋದಳು. ಹೆಡೆಗೆ ನಾಟಿದ ಮುಳ್ಳು ಕಿತ್ತು, ಹಾವು ಕೊಟ್ಟ ಮುಪ್ಪು ಕಳೆಯುವ ಹಣ್ಣು ತಂದು ಟಗರಿನ ಬಾಯಿಗಿಟ್ಟಳು. ಕಲ್ಲು ಕಲ್ಲಾಗಿಯೇ ಇತ್ತು. ಬಲಗೈಯೂ ಕಲ್ಲಾಯಿತು.

"ಇನ್ನೇನು ತರ್ತೀಯೇ, ಮೊಂಡುಗೈಯವಳೇ?" ಎಂದು ಧೂಮಾಕ್ಷ ಹಂಗಿಸಿದ.

ಸಿರಿಯವ್ವ ಟಗರಿನ ಪಕ್ಕ ಕೂತಳು.

"ಅಪ್ಪಯ್ಯ, ತರೋಕೆ ಕೈಯಿಲ್ಲ, ಬಾಯಿದೆ. ಕೇಳು. ನಾನು ಆರು ವರ್ಷದವಳಿದ್ದಾಗ ಕೂದಲು ನಿಲ್ಲಲಿ ಅಂತ, ನೀನು ನೂಲಿಗೆ ಹಚ್ಚೋ ಹುಣಸೆಬೀಜದ ಗಂಜಿ ನನ್ನ ತಲೆಗೆ ಬಳಿದು ಜಡೆ ಹಾಕಿದ್ದೆ. ಒಣಗಿ ಸೆಟೆದು ನಿಂತಿತು. ಮಕ್ಕಳು 'ಪೊರಕೆ ಬಂತು, ಪೊರಕೆ' ಅಂತ ಕುಣಿದರು. ನಾನು ಬಂದು ನಿನ್ನನ್ನೇ ಬೈದೆ. ಮಾರನೇ ದಿನ ನೀನು ಮಗ್ಗ ಬಿಟ್ಟು ಮನೆಮನೆ ಅಲೆದೆ. ಹೆಂಗಸರೆಲ್ಲ ನಗ್ತಿದ್ದರೂ ಅವರ ಮುಂದೆ ಕೂತು ಜಡೆ ಹಾಕೋದು ಕಲಿತೆ. ನಾನು ಬಾಗಿಲ ಸಂದಿಯಿಂದ ನೋಡಿದ್ದೆ ಅಪ್ಪಯ್ಯ. ಇಷ್ಟು ವರ್ಷ ಹೇಳಲಿಲ್ಲ. ಅವ್ವ ಇಲ್ಲ ಅನ್ನೋದು ನನಗೆ ಗೊತ್ತೇ ಆಗದ ಹಾಗೆ ಸಾಕಿದೆ."

ಟಗರಿನ ಕಣ್ಣಂಚು ಮಿನುಗಿತು. ಒಂದು ಹನಿ, ಬೆಚ್ಚಗೆ, ಅವಳ ಕಲ್ಲುಗೈ ಮೇಲೆ ಬಿತ್ತು.

ಬೆರಳುಗಳು ಅಲುಗಿದವು. ಧೂಮಾಕ್ಷ ಹೊಗೆಯಾಗಿ ಚದುರಿಹೋದ. ಅವನ ಮಾಯೆಗೆ ಸಿಕ್ಕು ಕಲ್ಲಾಗಿದ್ದ ಬೆಟ್ಟದ ಬಂಡೆಗಳೆಲ್ಲ ಮೈಮುರಿದು ಮನುಷ್ಯರಾಗಿ ಎದ್ದು ತಮ್ಮ ತಮ್ಮ ಮನೆಗೆ ನಡೆದರು.

ಟಗರಿನ ರೂಪ ಕಳೆದು ಮತ್ತೆ ಮನುಷ್ಯನಾದ ಈರಗ್ಯಾತಪ್ಪ ಕಣ್ಣೊರೆಸಿಕೊಂಡು ನಕ್ಕ. "ಗಂಜಿ ಒಂಚೂರು ಗಟ್ಟಿಯಾಗಿತ್ತು, ಅಲ್ವೇನೇ?"

"ಒಂಚೂರಾ! ಮೂರು ದಿನ ಮಗ್ಗುಲಾಗಿ ಮಲಗಿದ್ದೆ!"

ಅಪ್ಪ ಮಗಳು ನಗುತ್ತ ಮನೆಗೆ ಹೋದರು. ಅಲ್ಲಿ ಅವರು ಬೆಚ್ಚಗಿದ್ದಾರೆ, ಕತೆ ಕೇಳಿದವರೂ ಬೆಚ್ಚಗಿರಲಿ.