ಪಂಪ್‌ಹೌಸಿನೊಳಗಿನ ನೋಟಿಸು

"ಆ ಅಜ್ಜಿ ತಂದಿರೋ ಅರ್ಜಿ ತಗೊಂಡ್ಬಿಡಿ ಸಾರ್. ಆಕೆಗೆ ಮಾಟ ಗೊತ್ತು. ಎದುರು ಹಾಕ್ಕೊಂಡವರು ಯಾರೂ ಉದ್ಧಾರ ಆಗಿಲ್ಲ," ಎಂದು ಟೈಪಿಸ್ಟ್ ಪಿಸುಗುಟ್ಟಿದಳು.

ಊರಿಗೆ ಬಂದು ವರ್ಷವೂ ತುಂಬದ ವಕೀಲ ನಕ್ಕ. "ಮಾಟ ಮಾಡೋದು ವಸತಿ ವಲಯದಲ್ಲೋ, ವಾಣಿಜ್ಯ ವಲಯದಲ್ಲೋ? ಅದಕ್ಕೂ ಪರವಾನಗಿ ಬೇಕಲ್ಲ."

ಅವನಿಗೆ ನಾಚಿಕೆಯಾಗಬೇಕಿತ್ತು. ಇಪ್ಪತ್ತು ಕುಂಬಾರರ ಮನೆಗಳಿದ್ದ ಓಣಿಯನ್ನು ಯಾರದೋ ಗೋದಾಮಿಗಾಗಿ ಕೈಗಾರಿಕಾ ವಲಯಕ್ಕೆ ಸೇರಿಸಿಕೊಡಲು ಒಪ್ಪಿಕೊಂಡಿದ್ದ. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ವಕೀಲನ ಕಚೇರಿಗೆ ತಿಳಿಸಬೇಕೆಂಬ ನೋಟಿಸನ್ನು ಜಾಗದಲ್ಲೇ ಅಂಟಿಸಬೇಕು. ಇವನೂ ಅಂಟಿಸಿದ್ದ, ಪಾಳುಬಿದ್ದ ಪಂಪ್‌ಹೌಸಿನ ಬಾಗಿಲಿನ ಒಳಮೈಗೆ. ಫೋಟೊ ತೆಗೆಸಿ ಹೊರಗಿನಿಂದ ಬೀಗ ಜಡಿದಿದ್ದ. ಕಾನೂನು ಓದಿದವನು ಮಾಡುವ ಕೆಲಸವೇ ಇದು? ಕಳ್ಳನಾದರೂ ಅಂಜಿಕೊಂಡು ಬರುತ್ತಾನೆ. ಯಾರೋ ಆ ಬೀಗ ಒಡೆದಾಗಲೇ ಓಣಿಗೆ ವಿಷಯ ತಿಳಿದದ್ದು.

ಓಣಿಯ ಅಜ್ಜಿ ಬಂದದ್ದು ಮೂವತ್ತೊಂದನೆಯ ದಿನ.

"ಅವಧಿ ಮುಗೀತಜ್ಜಿ," ಎಂದು ಅರ್ಜಿಯನ್ನು ಅವಳ ಕಾಲ ಬಳಿ ಎಸೆದ. ಆಕೆ ಎತ್ತಿಕೊಳ್ಳಲಿಲ್ಲ. ಸೆರಗಿನ ಗಂಟಿನಿಂದ ಹರಿದ ನೋಟಿಸು ತೆಗೆದು, ಅದರ ಬೆನ್ನಿನ ಒಣ ಮೈದಾ ಅಂಟನ್ನು ಉಗುರಿನಿಂದ ಕೆರೆದು, ಉಗುಳಿನಲ್ಲಿ ಕಲಸಿ, ಅವನ ಮೇಜಿಗೆ ಬಳಿದಳು.

"ನಮ್ ಬಾಯಿ ಕಟ್ದೆ. ನಿಂದೂ ಕಟ್ಲಿ."

ಹುಳಿತ ಮೈದಾದ ವಾಸನೆ ಎದ್ದಿತು. ಮೇಜು ತೊಳೆಸಿದರೂ ಹೋಗಲಿಲ್ಲ. ಅವನು ಉಣ್ಣುವ ಅನ್ನದಲ್ಲಿ, ತಲೆಯಿಡುವ ದಿಂಬಿನಲ್ಲಿ ಅದೇ ನಾತ.

ವಲಯ ಬದಲಿಸಿ ಓಣಿ ತೆರವು ಮಾಡಿಸುವ ಆದೇಶದ ದಿನ ಮಟಮಟ ಮಧ್ಯಾಹ್ನವೇ ಸಭೆಯ ಕೋಣೆ ಮಬ್ಬಾಗತೊಡಗಿತು. ಫ್ಯಾನು ಕರಕರ ಎನ್ನುತ್ತಿತ್ತು. ಅಧಿಕಾರಿ ಕಡತ ಬಿಚ್ಚಿ ಸರ್ವೆ ನಂಬರು ಓದಿದರು. ವಕೀಲ ತಲೆಯೆತ್ತಿದ. ಅದು ಓಣಿಯದಲ್ಲ, ಅವನ ಸ್ವಂತ ಮನೆಯದು. ಅವನ ಮುಂಬಾಗಿಲಿನ ಒಳಮೈಗೆ ಅಂಟಿಸಿದ ನೋಟಿಸಿನ ಫೋಟೊ ಕೂಡ ಕಡತದಲ್ಲಿತ್ತು.

ತಪ್ಪಾಗಿದೆ ಎನ್ನಲು ಬಾಯಿ ತೆರೆಯಹೋದ. ಆಗಲಿಲ್ಲ. ತುಟಿಗೆ ತುಟಿ ಅಂಟಿತ್ತು. ಗಂಟಲ ತುಂಬ ಹುಳಿ. ಪೆನ್ನು ಹಿಡಿಯಹೋದ. ಬೆರಳಿಗೆ ಬೆರಳು ಅಂಟಿತು.

"ಆಕ್ಷೇಪಣೆ ಏನಾದ್ರೂ ಇದ್ಯಾ?" ಎಂದರು ಅಧಿಕಾರಿ.

ಮೇಜು ಗುದ್ದಿದ. ಯಾರೂ ತಿರುಗಿ ನೋಡಲಿಲ್ಲ.

"ಯಾವುದೂ ಬಂದಿಲ್ಲ ಸಾರ್," ಎಂದ ಗುಮಾಸ್ತ.

ಅಧಿಕಾರಿ ಸಹಿ ಹಾಕಿದರು. ವಕೀಲ ಓಡಿದ. ಮನೆಯಲ್ಲಿ ಕಣ್ಣು ಕಾಣದ ತಾಯಿ ಒಬ್ಬಳೇ. ಬುಲ್ಡೋಜರು ಆಗಲೇ ಕಾಂಪೌಂಡು ಕೆಡವಿತ್ತು. ಧೂಳು. ಡೀಸೆಲ್ ಹೊಗೆ. ಚಾಲಕನೆದುರು ಎರಡೂ ಕೈ ಬೀಸಿದ. ಚಾಲಕನಿಗೆ ಅವನು ಕಾಣಿಸಲೇ ಇಲ್ಲ. ಬಾಗಿಲು ಬಡಿದ. ಮತ್ತೆ ಬಡಿದ.

"ಯಾರಪ್ಪಾ ಅದು?" ಒಳಗಿನಿಂದ ತಾಯಿಯ ದನಿ.

ಅಮ್ಮಾ ಎನ್ನಲು ಒದ್ದಾಡಿದ. ತುಟಿ ಹರಿದು ರಕ್ತ ಬಂತು. ದನಿ ಬರಲಿಲ್ಲ.

"ತನ್ ದನಿ ಕೇಳಿಸ್ದೆ ಯಾರಿಗೂ ಬಾಗ್ಲು ತೆಗೀಬೇಡ ಅಂತ ನನ್ ಮಗ ಹೇಳಿದಾನಪ್ಪಾ," ಎಂದಳು ಆಕೆ, ಮತ್ತು ಒಳಗಿನಿಂದ ಮೇಲಿನ ಚಿಲಕವನ್ನೂ ಹಾಕಿಕೊಂಡಳು.